ಮರಳಿನಿಂದೆದ್ದ ಗಾಡಿ

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿರುವ ಪೆಂಡೈನ್ ಕಡಲತೀರದ ಮರಳಿನಲ್ಲಿ ‘ಬ್ಯಾಬ್ಸ್’ ಎಂಬ ಮೋಟಾರುಗಾಡಿಯೊಂದು 42 ವರ್ಷ ಹುದುಗಿತ್ತು. ಅದನ್ನು ರೂಪಿಸಿದವರು ಪ್ಯಾರಿ ಥಾಮಸ್ ಎಂಬ ಯಂತ್ರಶಿಲ್ಪಿ. ತೀರಿಹೋದ ಓಟಗಾರನೊಬ್ಬನ ಗಾಡಿಯನ್ನು ಕೊಂಡು, ಅದರೊಳಗಿದ್ದ 27 ಲೀಟರಿನ ವಿಮಾನದ ಎಂಜಿನ್ನನ್ನು ತಿದ್ದಿ ಅವರು ಅದನ್ನು ಸಜ್ಜುಗೊಳಿಸಿದರು. 1926ರ ಏಪ್ರಿಲಿನಲ್ಲಿ ಅದು ಗಂಟೆಗೆ ಸುಮಾರು 275 ಕಿಲೋಮೀಟರು ವೇಗದಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಮ್ಯಾಲ್ಕಮ್ ಕ್ಯಾಂಬೆಲ್ ಆ ದಾಖಲೆಯನ್ನು ಮುರಿದರು. ಅದನ್ನು ಮರಳಿ ಪಡೆಯಹೊರಟ ಥಾಮಸರು ಮಾರ್ಚ್ 3ರಂದು ಅಪಘಾತದಲ್ಲಿ ಮಡಿದರು. ಗಾಡಿಯನ್ನು ಅಲ್ಲಿಯೇ ಹೂಳಲಾಯಿತು.

1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಎಂಜಿನಿಯರಿಂಗ್ ಅಧ್ಯಾಪಕರು ಅದನ್ನು ಅಗೆದು ತೆಗೆಸಿದರು. ಸಮಾಧಿಯನ್ನು ಕೆದಕಬಹುದೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಥಾಮಸರ ದೇಹ ಮಣ್ಣಾದುದು ಬೇರೆಡೆ. ಇಲ್ಲಿ ಹುದುಗಿದ್ದುದು ಅವರ ಕೈಗೆಲಸ. ಕೈಗೆಲಸವನ್ನು ತುಕ್ಕಿಗೆ ಬಿಟ್ಟುಕೊಡುವುದು ಗೌರವವೆನಿಸದು. ಓವೆನ್ನರು ಜಖಂಗೊಂಡ ಭಾಗಗಳನ್ನು ಬಿಡಿಸಿ, ಕೆಟ್ಟವನ್ನು ಹೊಸದಾಗಿ ಮಾಡಿ, ವರ್ಷಗಟ್ಟಲೆ ದುಡಿದು ಗಾಡಿಯನ್ನು ಮತ್ತೆ ಓಡಿಸಿದರು. ತುಂಡಾದ ಚೈನು ಬಡಿದುದೇ ಥಾಮಸರ ಸಾವಿಗೆ ಕಾರಣವೆಂಬ ಬಹುಕಾಲದ ನಂಬಿಕೆಯನ್ನು ಇಂದು ಎಲ್ಲರೂ ಒಪ್ಪುವುದಿಲ್ಲ. ಹಿಂಬದಿಯ ಚಕ್ರವೇ ಮೊದಲು ಮುರಿದಿರಬೇಕೆಂಬ ವಾದವೂ ಇದೆ. ಗಾಡಿ ಮರಳಿನಡಿಯಲ್ಲಿಯೇ ಉಳಿದಿದ್ದರೆ ಇವನ್ನು ತೂಗಿನೋಡಲು ಆ ಚಕ್ರವಾಗಲಿ ಚೈನಾಗಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.