ಮಾರುಕಟ್ಟೆ ಕೈಬಿಟ್ಟ ಆಟದ ಯಂತ್ರ

ಕಾಡು, ನೀರು, ಗುಡ್ಡಗಳ ಮಾತಿಗೆ ಮೀಸಲಾದ ಈ ಪುಟಗಳಲ್ಲಿ ವಿಡಿಯೊ ಗೇಮ್ ಯಂತ್ರವೊಂದರ ಕುರಿತ ಬರಹವನ್ನು ಕಂಡು ಓದುಗ ಮಿತ್ರರು ಹುಬ್ಬೇರಿಸಬಹುದು. ಆದರೆ ಕೊಳ್ಳುಬಾಕ ಸಂಸ್ಕೃತಿಯನ್ನು ವಿರೋಧಿಸುವವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಕೊಂಡ ವಸ್ತುವಿನ ಆಯುಷ್ಯವನ್ನು ನಿರ್ಧರಿಸುವವರು ಯಾರು, ಬಳಸುವವರೋ ಮಾರುವವರೋ? ಜಪಾನಿನ ನಿಂಟೆಂಡೊ ಕಂಪನಿಯ ‘ವೀ ಯು’ ಎಂಬ ಯಂತ್ರದ ಕಥೆ ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ಇದೇ ಕಂಪನಿ 2006ರಲ್ಲಿ ತಂದ ‘ವೀ’ ಯಂತ್ರ ಜಗತ್ತಿನಾದ್ಯಂತ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಗಿತ್ತು. ಅದರ ಉತ್ತರಾಧಿಕಾರಿಯಾಗಿ 2012ರ ನವೆಂಬರಿನಲ್ಲಿ ಬಂದ ವೀ ಯು, ತನ್ನ ಇಡೀ ಜೀವಿತಾವಧಿಯಲ್ಲಿ ಕಂಡ ಮಾರಾಟ ಸುಮಾರು 1 ಕೋಟಿ 35 ಲಕ್ಷ. ಹೆಸರೇ ಅದಕ್ಕೆ ಮುಳುವಾಯಿತು. ಇದು ಹೊಸ ಯಂತ್ರವಲ್ಲ, ಹಳೆಯ ವೀಗೆ ಜೋಡಿಸುವ ಬಿಡಿಭಾಗವೆಂದೇ ಅನೇಕ ಗ್ರಾಹಕರು ಭಾವಿಸಿದರು. ಆಟ ತಯಾರಿಸುವ ಇತರ ಸಂಸ್ಥೆಗಳು ಒಂದೊಂದಾಗಿ ಕೈಬಿಟ್ಟವು. 2014ರ ಆರಂಭದಲ್ಲಿ ಕಂಪನಿಯ ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಕೆಲವು ತಿಂಗಳ ಮಟ್ಟಿಗೆ ಅರ್ಧಕ್ಕಿಳಿಸಿಕೊಂಡರು. (ನಮ್ಮ ದೇಶದ ಉದ್ಯಮಪತಿಗಳಿಗೆ ಈ ವಿಷಯ ತಲುಪಿದರೆ ಒಳ್ಳೆಯದು.) 2017ರ ಜನವರಿಯ ಹೊತ್ತಿಗೆ ತಯಾರಿಕೆ ನಿಂತಿತು, ಮಾರ್ಚಿನಲ್ಲಿ ‘ಸ್ವಿಚ್’ ಎಂಬ ಹೊಸ ಯಂತ್ರ ಬಂದಿತು. ವೀ ಯುವನ್ನು ಜಗತ್ತು ಮರೆಯಿತು.

ನಮ್ಮ ಮನೆಗೆ ಇದು ಬಂದದ್ದು ಆ ಬಳಿಕವೇ, ಅಮೆರಿಕದಲ್ಲಿ ನೆಲೆಸಿರುವ ತಂಗಿಯ ಕುಟುಂಬ ಊರಿಗೆ ಬಂದಾಗ, ಅವರ ಪೆಟ್ಟಿಗೆಯಲ್ಲಿ. ಅಲ್ಲಿ ಕಪಾಟಿನ ಮೂಲೆ ಸೇರಿದ್ದ ವಸ್ತು. ಅಲ್ಲಿಯ ವಿದ್ಯುತ್ತು 120 ವೋಲ್ಟಿನದಾದ್ದರಿಂದ ಇಲ್ಲಿ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಬೇಕಾಯಿತು. ಅಮೆರಿಕದ ಯಂತ್ರ ಯುರೋಪ್, ಜಪಾನ್‌ಗಳ ಡಿಸ್ಕನ್ನು ಓದುವುದಿಲ್ಲ. ಹಾಗಾಗಿ ಆಟದ ಡಿಸ್ಕುಗಳೂ ಅಲ್ಲಿಂದಲೇ ಬರಬೇಕು. ಇಷ್ಟೆಲ್ಲ ಉಪದ್ವ್ಯಾಪ ಏಕೆ ಎಂದು ಕೇಳುವವರಿಗೆ ಉತ್ತರ ಆ ಯಂತ್ರದ ರಚನೆಯಲ್ಲಿಯೇ ಇದೆ.

ವೀ ಯುವಿನ ಜೊತೆಗೆ ‘ಗೇಮ್‌ಪ್ಯಾಡ್’ ಎಂಬ ಸಾಧನವಿರುತ್ತದೆ. ಅಡಿಕೆ ಹಾಳೆಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿಯುವ ಅದರ ನಡುವೆ 6.2 ಅಂಗುಲದ ಪರದೆ. ಅದನ್ನು ಹಿಡಿದವರು ತಮ್ಮ ಕೈಯೊಳಗಿನ ಪರದೆಯನ್ನು ನೋಡುತ್ತಾರೆ. ಉಳಿದ ನಾಲ್ವರು ಹಳೆಯ ವೀ ರಿಮೋಟುಗಳನ್ನೇ ಹಿಡಿದು ಟಿ.ವಿ.ಯನ್ನು ನೋಡುತ್ತಾರೆ. ಒಂದೇ ಕೋಣೆಯಲ್ಲಿ ಐವರು, ಆದರೆ ಎಲ್ಲರಿಗೂ ಕಾಣುವುದು ಒಂದೇ ಅಲ್ಲ. ‘ನಿಂಟೆಂಡೊ ಲ್ಯಾಂಡ್’ ಎಂಬ ಡಿಸ್ಕಿನಲ್ಲಿ ಹನ್ನೆರಡು ಆಟಗಳಿವೆ. ಅವುಗಳಲ್ಲೊಂದು ಭೂತದ ಬಂಗಲೆಯ ಆಟ. ಗೇಮ್‌ಪ್ಯಾಡ್ ಹಿಡಿದವರು ಭೂತ. ಆ ಭೂತ ಟಿ.ವಿ.ಯ ಮೇಲೆ ಅಗೋಚರ. ಉಳಿದವರು ಟಾರ್ಚ್ ಹಿಡಿದು ಹುಡುಕಬೇಕು. ಭೂತ ಹತ್ತಿರ ಬಂದರೆ ಅವರ ಕೈಯ ರಿಮೋಟ್ ನಡುಗುತ್ತದೆ. ಹೀಗಾಗಿ ಯಾರ ಕೈ ನಡುಗಿತೆಂದು ಕೂಗಿ ಹೇಳುವುದೇ ಆಟದ ಅರ್ಧ. ಎಂಟು ವರ್ಷದ ಮಗು ಭೂತವಾಗಿ, ಅಪ್ಪ, ಅಮ್ಮ, ಅಕ್ಕ, ಚಿಕ್ಕಪ್ಪ ಅದನ್ನು ಅರಸುತ್ತ ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ನೋಡಿದರೆ, ನಾವು ಚಿಕ್ಕಂದಿನಲ್ಲಿ ಕತ್ತಲ ಜಗಲಿಯಲ್ಲಿ ಆಡುತ್ತಿದ್ದ ಕಣ್ಣಾಮುಚ್ಚಾಲೆಗೂ ಇದಕ್ಕೂ ಹೆಚ್ಚು ದೂರವಿಲ್ಲ ಎನಿಸುತ್ತದೆ. ಹಳೆಯ ವೀ ಡಿಸ್ಕುಗಳನ್ನೂ ಈ ಯಂತ್ರ ಓದುವುದರಿಂದ, ನಮ್ಮ ತಾಯಿಯವರು ರಿಮೋಟನ್ನು ಬೀಸಿ ಬೌಲಿಂಗ್ ಆಡುತ್ತಾರೆ. ಗೆದ್ದ ದಿನ ಊಟದ ಹೊತ್ತಿಗೂ ಅದೇ ಮಾತು.

ಎರಡು ಪರದೆಗಳ ಈ ಆಟವನ್ನು ಕಂಪನಿ ಸ್ವಿಚ್‌ಗೆ ಒಯ್ಯಲಿಲ್ಲ. ‘ಮಾರಿಯೊ ಕಾರ್ಟ್ 8’ನಂಥ ಜನಪ್ರಿಯ ಆಟಗಳು ಹೊಸ ಯಂತ್ರಕ್ಕೆ ಹೋಗಿ ಕೋಟಿಗಟ್ಟಲೆ ಮಾರಾಟವಾದವು; ಭೂತದ ಬಂಗಲೆ ಮಾತ್ರ ಸೋತ ಯಂತ್ರದ ಜೊತೆಯಲ್ಲೇ ಉಳಿಯಿತು.

ಸೋಲಿನಿಂದ ಮನೆಗೆ ಒದಗಿದ ಉಪಕಾರವನ್ನೂ ಹೇಳಬೇಕು. ಈ ಯಂತ್ರಕ್ಕೆ ನಿಂಟೆಂಡೊ ಸ್ವತಃ ಪ್ರಕಟಿಸಿದ ಕೊನೆಯ ಆಟ ಬಂದದ್ದು 2017ರ ಮಾರ್ಚಿನಲ್ಲಿ. ಹೊಸ ಆಟದ ಜಾಹೀರಾತಿಲ್ಲ, ‘ಇದೊಂದನ್ನು ಕೊಡಿಸಿ’ ಎಂಬ ಮಕ್ಕಳ ದುಂಬಾಲಿಲ್ಲ. ಇರುವುದನ್ನೇ ಮತ್ತೆ ಮತ್ತೆ ಆಡಬೇಕು. ಚೌಕಾಬಾರಕ್ಕೆ ಯಾರೂ ಪ್ರತಿ ವರ್ಷ ಹೊಸ ಮನೆ ಬರೆಯಲಿಲ್ಲವಲ್ಲ.

ಆದರೆ ಎಲ್ಲವೂ ಉಳಿದಿಲ್ಲ. 2023ರ ಮಾರ್ಚ್ 27ರಂದು ಈ ಯಂತ್ರದ ಆನ್‌ಲೈನ್ ಅಂಗಡಿಯಲ್ಲಿ ಖರೀದಿ ನಿಂತಿತು. 2024ರ ಏಪ್ರಿಲಿನಲ್ಲಿ ಅಂತರ್ಜಾಲದ ಮೂಲಕ ಆಡುವ ವ್ಯವಸ್ಥೆಯನ್ನೇ ಕಂಪನಿ ಮುಚ್ಚಿತು. 2015ರಲ್ಲಿ ಹೊಸತನಕ್ಕಾಗಿ ಮೆಚ್ಚುಗೆ ಪಡೆದ ‘ಸ್ಪ್ಲಟೂನ್’ ಆಟದ ಮುಖ್ಯ ಆಕರ್ಷಣೆ ನಾಲ್ವರು ನಾಲ್ವರ ತಂಡಗಳ ಅಂತರ್ಜಾಲ ಪಂದ್ಯ. ಹಣ ತೆತ್ತು ಕೊಂಡವರ ಡಿಸ್ಕು ಮನೆಯಲ್ಲಿದೆ, ಪಂದ್ಯ ಇಲ್ಲ. ಭೂತದ ಬಂಗಲೆಗೆ ಮಾತ್ರ ಏನೂ ಆಗಲಿಲ್ಲ. ಅದು ಯಾರ ಸರ್ವರನ್ನೂ ನಂಬಿರಲಿಲ್ಲ. ಮನೆಗೆ ಆಟದ ಯಂತ್ರ ತರಬೇಕೆಂದಿರುವವರು ಕೇಳಬೇಕಾದದ್ದು ಅದು ಎಷ್ಟು ಮಾರಾಟವಾಯಿತು ಎಂದಲ್ಲ, ಕಂಪನಿ ಬೆನ್ನು ತಿರುಗಿಸಿದ ಮರುದಿನ ಅದು ಏನೇನು ಮಾಡಬಲ್ಲದು ಎಂದು. ಹೆಚ್ಚು ಮಾರಾಟವಾದ ಯಂತ್ರಗಳಿಗೂ ಆ ಮರುದಿನ ಬಂದೇ ಬರುತ್ತದೆ.

ಮಾರಾಟವಾಗದ ಸರಕಿನ ಗತಿಯನ್ನು 1983ರಲ್ಲೇ ಜಗತ್ತು ಕಂಡಿತ್ತು. ಅಟಾರಿ ಕಂಪನಿ ತನ್ನ ಉಳಿದ ಆಟದ ಕಾರ್ಟ್ರಿಜ್‌ಗಳನ್ನು ಲಾರಿಗಳಲ್ಲಿ ತುಂಬಿಸಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಊರಿನ ಕಸದ ಹೊಂಡದಲ್ಲಿ ಹೂಳಿಸಿತು. 2014ರಲ್ಲಿ ಅಗೆದಾಗ ಅವು ಹೊರಬಂದವು. ಈಗ ಹೊಂಡ ಎಷ್ಟೋ ಪಾಲು ದೊಡ್ಡದು. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಸೃಷ್ಟಿಸಿತು, ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಸಂದದ್ದು ಶೇ. 22.3 ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಬಾಳಬಲ್ಲ ಯಂತ್ರವೂ ಆ ಹೊಂಡ ಸೇರುವುದು ದುರಸ್ತಿಯ ದಾರಿ ಮುಚ್ಚಿದಾಗ. ಗೇಮ್‌ಪ್ಯಾಡಿನ ಬ್ಯಾಟರಿಯನ್ನು ಬದಲಿಸುವುದು ಸುಲಭ, ಎರಡು ತಿರುಪು ಬಿಚ್ಚಿದರೆ ಸಾಕು. ಅಷ್ಟರ ಮಟ್ಟಿಗೆ ವಿನ್ಯಾಸಕಾರರನ್ನು ಮೆಚ್ಚಬೇಕು. ಆದರೆ ಗೇಮ್‌ಪ್ಯಾಡೇ ಒಡೆದರೆ ಭೂತದ ಬಂಗಲೆ ಅಲ್ಲಿಗೆ ಮುಗಿಯಿತು, ಯಂತ್ರದ ಹೊಂದಾಣಿಕೆಗಳನ್ನು ತೆರೆಯುವುದಕ್ಕೂ ಅದೇ ಬೇಕು. ಬಿಡಿಭಾಗಗಳ ದಾಸ್ತಾನು ಮುಗಿದಿದೆಯೆಂದು ಜಪಾನಿನಲ್ಲಿ ಕಂಪನಿ 2024ರ ಜುಲೈಯಲ್ಲಿ ಇದರ ದುರಸ್ತಿಯನ್ನು ನಿಲ್ಲಿಸಿತು. ಹನ್ನೆರಡು ವರ್ಷ ಹಿಂದಿನ ವಸ್ತುವಿಗೆ ಎಂದೆಂದಿಗೂ ಬಿಡಿಭಾಗ ತಯಾರಿಸುತ್ತಿರಿ ಎಂದು ಕೇಳುವುದು ನ್ಯಾಯವಲ್ಲ. ತಾನು ಇನ್ನು ದುರಸ್ತಿ ಮಾಡುವುದಿಲ್ಲವೆಂದು ಸಾರಿದ ದಿನವೇ, ಆ ಯಂತ್ರದ ನಕ್ಷೆಗಳನ್ನೂ ಅದಕ್ಕೆ ಬೇಕಾದ ತಂತ್ರಾಂಶವನ್ನೂ ಊರೂರಿನ ರಿಪೇರಿ ಅಂಗಡಿಗಳಿಗೆ ಬಿಟ್ಟುಕೊಡಬೇಕೆಂದು ಕಾನೂನು ಕೇಳುವುದು ನ್ಯಾಯ. ಟಿ.ವಿ., ಮಿಕ್ಸಿ, ಪಂಪ್‌ಸೆಟ್ಟುಗಳನ್ನು ಮತ್ತೆ ಮತ್ತೆ ಬದುಕಿಸುವ ಕೈಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇವೆ. ಅವರ ಮುಂದೆ ಈ ಗೇಮ್‌ಪ್ಯಾಡನ್ನು ಇಟ್ಟರೆ ಬಿಚ್ಚಿ ನೋಡುತ್ತಾರೆ. ಒಳಗಿನ ಚಿಪ್ಪು ಯಾವುದು, ಎಲ್ಲಿ ಸಿಗುತ್ತದೆ ಎಂದು ತಿಳಿಸುವ ಒಂದು ಹಾಳೆ ಅವರಿಗೆ ಬೇಕು.