ಮೆಷಿನ್ ಬರೆದುಕೊಟ್ಟಿದ್ದಾದರೆ ಹಾಗಂತ ಹೇಳೋಣ



ಲಂಡನ್ನಿನಲ್ಲಿರುವ ನಾವು ಕನ್ನಡದ ಕೆಲಸ ಅಂತ ಮಾಡುವುದರಲ್ಲಿ ಅರ್ಧ ಪಾಲು ಕಾಗದ ಬರೆಯುವುದೇ ಆಗಿದೆ. ಕೌನ್ಸಿಲ್ಲಿಗೆ, ಎಂಪಿಗೆ, ಬೆಂಗಳೂರಿನ ಮಂತ್ರಿಗಳಿಗೆ, ಕನ್ನಡವನ್ನು ಮರೆತ ಕಂಪನಿಗಳಿಗೆ... ಹೀಗೆ. ಮೊದಲು ಒಂದು ಸಂಜೆ ಕೂತು ಬರೆಯುತ್ತಿದ್ದ ಕಾಗದವನ್ನು ಈಗ ಚಾಟ್‌ಜಿಪಿಟಿಯಂಥ ಎಐ ತಂತ್ರಾಂಶ ಅರೆ ನಿಮಿಷದಲ್ಲಿ ಬರೆದುಕೊಡುತ್ತದೆ. ನಾನೂ ಬಳಸುತ್ತೇನೆ. ಬಳಸಬೇಡಿ ಅನ್ನಲು ಈ ಮಾತು ಎತ್ತಿಲ್ಲ. ಬಳಸಿದಾಗ ಹಾಗಂತ ಹೇಳಬೇಕೋ ಬೇಡವೋ ಅನ್ನುವುದಷ್ಟೇ ಪ್ರಶ್ನೆ. ಹೇಳಲೇಬೇಕು ಅನ್ನುವುದು ನನ್ನ ನಿಲುವು. ಯಾಕೆ ಅಂತ ನೋಡೋಣ.

ಈ ದೇಶದಲ್ಲಿ ಜನರ ಕಾಗದಕ್ಕೆ ಬೆಲೆ ಸುಮ್ಮನೆ ಬಂದದ್ದಲ್ಲ. ನಮ್ಮದೇ ಊರಿನ ಬ್ರೆಂಟ್ ಬರೋ ಕೌನ್ಸಿಲ್ ಶಾಲೆಗಳನ್ನು ಮುಚ್ಚುವ, ಒಂದುಗೂಡಿಸುವ ಯೋಜನೆ ಹಾಕಿಕೊಂಡಾಗ ಅದು ಕೋರ್ಟ್ ಮೆಟ್ಟಿಲೇರಿತು. 1985ರ ಆ ಗನ್ನಿಂಗ್ ಮೊಕದ್ದಮೆಯಿಂದ ನಾಲ್ಕು ಸೂತ್ರಗಳು ಹುಟ್ಟಿದವು. ಅದರಲ್ಲೊಂದು, ಜನರ ಅಭಿಪ್ರಾಯ ಕೇಳಿದ ಮೇಲೆ ಅಧಿಕಾರದಲ್ಲಿರುವವರು ಅದನ್ನು ಮನಸ್ಸಿಟ್ಟು ಪರಿಗಣಿಸಬೇಕು ಅನ್ನುವುದು. ಓದುವವರು ಮನಸ್ಸಿಟ್ಟು ಓದಬೇಕಾದರೆ ಬರೆಯುವವರೂ ಮನಸ್ಸಿಟ್ಟು ಬರೆದಿರಬೇಕು ತಾನೇ? ಒಂದೇ ಮೆಷಿನ್ನಿನಿಂದ ಇಳಿದ ಐನೂರು ಕಾಗದಗಳು ಐನೂರು ಜನರ ದನಿಯೋ ಅಥವಾ ಒಬ್ಬನ ಚಾಲಾಕಿತನವೋ ಅನ್ನುವ ಅನುಮಾನ ಒಮ್ಮೆ ಹುಟ್ಟಿದರೆ, ನಿಜವಾಗಿ ಕೂತು ಬರೆದವರ ಕಾಗದವೂ ಅದೇ ರಾಶಿಯಲ್ಲಿ ಮುಚ್ಚಿಹೋಗುತ್ತದೆ.

ಇದನ್ನು ಇಲ್ಲಿನ ಸರ್ಕಾರಿ ಕಚೇರಿಗಳು ಆಗಲೇ ಗಮನಿಸಿವೆ. ಇಂಗ್ಲೆಂಡಿನಲ್ಲಿ ಕಟ್ಟಡ ಪರವಾನಗಿಯ ಮೇಲ್ಮನವಿಗಳನ್ನು ನೋಡುವ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್ 2024ರ ಸೆಪ್ಟೆಂಬರಿನಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಸಲ್ಲಿಸುವ ದಾಖಲೆಯ ಯಾವುದೇ ಭಾಗವನ್ನು ಎಐ ಬಳಸಿ ಬರೆದಿದ್ದರೆ ಇಲ್ಲವೇ ತಿದ್ದಿದ್ದರೆ ಅದನ್ನು ತಿಳಿಸಬೇಕು. ಯಾವ ತಂತ್ರಾಂಶ, ಯಾವ ಭಾಗಕ್ಕೆ ಬಳಸಿದ್ದು ಅಂತಲೂ ಹೇಳಬೇಕು. ಬರೆದದ್ದು ನಿಜ ಅನ್ನುವ ಹೊಣೆ ಸಲ್ಲಿಸಿದವರದ್ದೇ. ಬಳಕೆಗೆ ತಡೆಯಿಲ್ಲ, ಮುಚ್ಚಿಡುವುದಕ್ಕೆ ಮಾತ್ರ ತಡೆ.

ಹೊಣೆ ಹೊರದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2025ರ ಜೂನ್ 6ರಂದು ಲಂಡನ್ನಿನ ಹೈಕೋರ್ಟ್ ಕೊಟ್ಟ ತೀರ್ಪನ್ನು ನೋಡಿ. ಎರಡು ಮೊಕದ್ದಮೆಗಳನ್ನು ಒಟ್ಟಿಗೆ ವಿಚಾರಿಸಲಾಗಿತ್ತು. ಹ್ಯಾರಿಂಗೇ ಬರೋ ಕೌನ್ಸಿಲ್ ವಿರುದ್ಧ ಮನೆಯಿಲ್ಲದ ಒಬ್ಬರ ಪರವಾಗಿ ಹೂಡಿದ್ದ ಮೊಕದ್ದಮೆಯಲ್ಲಿ, ಇಲ್ಲದೇ ಇದ್ದ ಐದು ತೀರ್ಪುಗಳನ್ನು ಆಧಾರವಾಗಿ ಕೊಡಲಾಗಿತ್ತು. ಅಲ್ಲಿನ ವಕೀಲರು ಎಐ ಬಳಸಿದ್ದನ್ನು ಒಪ್ಪಲಿಲ್ಲ. ಇನ್ನೊಂದರಲ್ಲಿ ಕಕ್ಷಿದಾರರೇ ಎಐ ಮೂಲಕ ಹುಡುಕಿಕೊಟ್ಟದ್ದನ್ನು ವಕೀಲರು ತಾವಾಗಿ ಪರೀಕ್ಷಿಸದೆ ನಂಬಿಬಿಟ್ಟಿದ್ದರು. ಕೊಟ್ಟಿದ್ದ 45 ಉಲ್ಲೇಖಗಳಲ್ಲಿ 18 ತೀರ್ಪುಗಳು ಇರಲೇ ಇಲ್ಲ! ಎರಡೂ ಮೊಕದ್ದಮೆಗಳ ವಕೀಲರ ಹೆಸರು ಅವರ ವೃತ್ತಿಯ ಮೇಲೆ ಕಣ್ಣಿಡುವ ಸಂಸ್ಥೆಗಳಿಗೆ ಹೋಯಿತು. ಓದಿ ಪಳಗಿದ ವಕೀಲರ ಪಾಡೇ ಹೀಗಾದರೆ, ಕೆಲಸ ಮುಗಿಸಿ ರೈಲಿನಲ್ಲಿ ಕೂತು ಮನವಿ ಬರೆಯುವ ನಮ್ಮ ಪಾಡೇನು?

ಕನ್ನಡಿಗರಿಗೆ ಇದು ಯಾಕೆ ಇನ್ನೂ ಮುಖ್ಯ ಅಂದರೆ, ಇಲ್ಲಿ ನಮ್ಮ ಎಣಿಕೆ ಸಣ್ಣದು. ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ನುಡಿಗಳಿಗೆ ಜಿಸಿಎಸ್‌ಇ ಪರೀಕ್ಷೆ ಇದೆ, ಕನ್ನಡಕ್ಕಿಲ್ಲ. 2015ರಲ್ಲಿ ಬಂಗಾಳಿ, ಪಂಜಾಬಿ, ಪೋಲಿಷ್‌ನಂಥ ನುಡಿಗಳ ಪರೀಕ್ಷೆಗಳನ್ನು ಕೈಬಿಡುವ ಮಾತು ಬಂದಾಗ ಆ ಸಮುದಾಯಗಳು ದನಿಯೆತ್ತಿದವು, ಪರೀಕ್ಷೆಗಳು ಉಳಿದವು. ನಾಳೆ ನಾವೂ ಕನ್ನಡಕ್ಕಾಗಿ ಕೇಳಬೇಕಾಗುತ್ತದೆ. ಆಗ ನಮ್ಮ ಕೈಯಲ್ಲಿರುವ ಬಂಡವಾಳ ಒಂದೇ, ನಮ್ಮ ಮಾತಿನ ಮೇಲಿನ ನಂಬಿಕೆ. ಯಾರ ಮನೆಯ ಮಗು ಕನ್ನಡ ಕಲಿಯಲು ಎಷ್ಟು ದೂರ ಹೋಗುತ್ತಿದೆ ಅನ್ನುವುದನ್ನು ಆ ಮನೆಯವರೇ ಬರೆಯಬೇಕು. ಅದನ್ನು ಮೆಷಿನ್ ಊಹಿಸಿ ಬರೆದುಕೊಟ್ಟರೆ ಅದು ಅನುಭವವಲ್ಲ, ಕಟ್ಟುಕತೆ.

2021ರ ಜೂನ್ ನೆನಪಿದೆಯಲ್ಲ? ಭಾರತದ ಅತಿ ಕುರೂಪಿ ಭಾಷೆ ಯಾವುದು ಅಂತ ಹುಡುಕಿದವರಿಗೆ ಗೂಗಲ್ ಕನ್ನಡದ ಹೆಸರು ತೋರಿಸಿತ್ತು. ನಾವೆಲ್ಲ ಕೆರಳಿ ಕೇಳಿದ್ದು ಒಂದೇ: ಇದನ್ನು ಹೇಳಿದವರು ಯಾರು, ಯಾವ ಆಧಾರದ ಮೇಲೆ? ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಿತು. ಅಂದು ನಾವು ಇನ್ನೊಬ್ಬರಿಗೆ ಕೇಳಿದ ಪ್ರಶ್ನೆಯನ್ನು ಇಂದು ನಮಗೆ ಯಾರಾದರೂ ಕೇಳಿದರೆ ಉತ್ತರ ಇರಬೇಡವೇ?

ಇನ್ನೊಂದು ಅಪಾಯ ನಮ್ಮ ನುಡಿಗೇ ತಟ್ಟುವಂಥದ್ದು. ಥೇಮ್ಸ್ ದಡದಲ್ಲಿ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಿಂದ ಬಸವಣ್ಣನವರ ಪ್ರತಿಮೆ ಇದೆ. ಅಂಕಿತ ನೋಡಿ ವಚನ ಯಾರದ್ದು ಅಂತ ಗುರುತಿಸುವ ಪರಂಪರೆ ನಮ್ಮದು. ಎಐಗೆ ಕೇಳಿದರೆ ಕೂಡಲಸಂಗಮದೇವ ಅಂತ ಕೊನೆಗೆ ಸೇರಿಸಿ, ಬಸವಣ್ಣನವರು ಎಂದೂ ಹೇಳದ ಮಾತನ್ನು ಚೆಂದವಾಗಿ ಹೊಸೆದುಕೊಟ್ಟೀತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳುವವರು ಯಾರು?

"ಹೇಳದಿದ್ದರೂ ಕಂಡುಹಿಡಿಯುವ ತಂತ್ರಾಂಶ ಇದೆಯಲ್ಲ" ಅನ್ನಬಹುದು. ಅದನ್ನು ನಂಬಬೇಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥ ಏಳು ತಂತ್ರಾಂಶಗಳಿಗೆ, ಇಂಗ್ಲಿಷ್ ತಾಯ್ನುಡಿಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಮೆಷಿನ್ ಬರೆದದ್ದು ಅಂದವು. ಅಂದರೆ ಕಳ್ಳ ಪಟ್ಟ ಮೊದಲು ಬೀಳುವುದು ನಮ್ಮಂಥ ವಲಸಿಗರ ತಲೆಗೇ! ಹಾಗಾಗಿ ಪೊಲೀಸ್ ಕೆಲಸ ಬೇಡ, ಒಬ್ಬರನ್ನೊಬ್ಬರು ಹಿಡಿದುಕೊಡುವುದೂ ಬೇಡ. ಬರೆದವರು ತಾವಾಗಿ ಹೇಳಲಿ, ಓದುವವರು ನಂಬಲಿ.

ಹೇಳಿದವರನ್ನು ಹಂಗಿಸುವುದಂತೂ ಖಂಡಿತ ಸಲ್ಲದು. ಕನ್ನಡ ಮಾತಾಡಲು ಬಂದರೂ ಬರೆಯಲು ಬಾರದ ಇಲ್ಲಿನ ಯುವಕರಿಗೆ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಅಳುಕುವ ಹಿರಿಯರಿಗೆ ಈ ತಂತ್ರಾಂಶ ದೊಡ್ಡ ಆಸರೆ. ಬಳಸಿದ್ದಕ್ಕೆ ನಕ್ಕರೆ ನಾಳೆಯಿಂದ ಅವರು ಮುಚ್ಚಿಡುತ್ತಾರೆ, ಇಲ್ಲವೇ ಬರೆಯುವುದನ್ನೇ ಬಿಡುತ್ತಾರೆ.

ಆದ್ದರಿಂದ ನನ್ನ ಸಲಹೆ ಇಷ್ಟು:

1. ಕಾಗುಣಿತ ತಿದ್ದಿಸಿಕೊಂಡದ್ದಕ್ಕೆ ಏನೂ ಹೇಳಬೇಕಿಲ್ಲ. ಕೇಳುವ ಕಡೆ ಮಾತ್ರ ಅವರ ನಿಯಮ ಪಾಲಿಸಿ.

2. ಅನುವಾದ ಮಾಡಿಸಿದ್ದರೆ, ಕರಡು ಬರೆಸಿದ್ದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿ: "ಕರಡಿಗೆ ಎಐ ನೆರವು ಪಡೆದಿದ್ದೇನೆ, ವಿಚಾರ ನನ್ನದು, ಅಂಕಿಅಂಶಗಳನ್ನು ನಾನೇ ಪರಿಶೀಲಿಸಿದ್ದೇನೆ."

3. ಇಸವಿ, ಲೆಕ್ಕ, ತೀರ್ಪು, ವಚನ ಯಾವುದೇ ಇರಲಿ, ಮೂಲವನ್ನು ಕಣ್ಣಾರೆ ನೋಡದೆ ಹಾಕಬೇಡಿ.

4. ಸ್ವಂತ ಅನುಭವವನ್ನು ಮೆಷಿನ್ನಿನಿಂದ ಹುಟ್ಟಿಸಬೇಡಿ. ಎರಡೇ ಸಾಲಾದರೂ ನಿಮ್ಮದೇ ಇರಲಿ.

ಈ ಕಟ್ಟುಪಾಡು ಸಂಪಾದಕನಿಗೂ ಸೇರಿದ್ದು. ಇಲ್ಲಿನ ಸಂಸತ್ತಿಗೆ ಸಲ್ಲಿಸುವ ಮನವಿಗೆ 10,000 ಸಹಿ ಬಿದ್ದರೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ಆದರೆ ಚರ್ಚೆಗೆ ಪರಿಗಣಿಸುತ್ತಾರೆ. ಅಷ್ಟು ಸಹಿ ನಮ್ಮ ಕೈಲಿ ಆದೀತೋ ಇಲ್ಲವೋ, ಬಿದ್ದ ಒಂದೊಂದು ಸಹಿಯ ಹಿಂದೆಯೂ ಒಬ್ಬ ಕನ್ನಡಿಗ ಇದ್ದಾನೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ನಿಮ್ಮ ಅನಿಸಿಕೆ ಬರೆಯಿರಿ. ತಪ್ಪು ಕನ್ನಡವಾದರೂ ಚಿಂತೆಯಿಲ್ಲ, ನಿಮ್ಮದಾಗಿರಲಿ.

ಸಿರಿಗನ್ನಡಂ ಗೆಲ್ಗೆ!