ಬಾಗಿಲು ತಟ್ಟದೆ ಒಳಬಂದವರು

2025ರ ಆಗಸ್ಟ್ ತಿಂಗಳಲ್ಲಿ, ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿತು. ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಇದೇ ಪ್ರಯತ್ನವನ್ನು ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮೂಲಕ ಮಾಡಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತ್ತು. ಆದ್ದರಿಂದ ಕೇಂದ್ರದ ಕಾಯ್ದೆಯನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸಿದೆವು. ಜೂಜು ಶೈತಾನನ ಹೊಲಸು ಕೃತ್ಯ, ಅದು ಮನುಷ್ಯರ ನಡುವೆ ಹಗೆ ಬಿತ್ತಿ ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ ಎಂದು ಸೂರಃ ಅಲ್ ಮಾಇದಃದ 90 ಮತ್ತು 91ನೆಯ ವಚನಗಳು ಎಚ್ಚರಿಸಿವೆ. ದೇಶದ ಕಾನೂನು ತಡವಾಗಿಯಾದರೂ ಆ ದಾರಿಗೆ ಬಂದದ್ದು ಸಂತೋಷದ ವಿಷಯವೇ.

ಆದರೆ ಆ ಸಂತೋಷದ ಬೆನ್ನಲ್ಲೇ ನಮ್ಮಲ್ಲೊಂದು ಅಪಾಯಕಾರಿ ನೆಮ್ಮದಿ ಬೇರೂರಿದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಹಾವೇರಿ ಜಿಲ್ಲೆಯ ಈ ಯಾವ ಊರಿನ ಮೊಹಲ್ಲಾಕ್ಕೆ ಹೋದರೂ, ಮಗನ ಕೈಗೆ ಮೊಬೈಲ್ ಕೊಟ್ಟ ಹೆತ್ತವರಿಂದ ಕೇಳಿಬರುವ ಮಾತು ಒಂದೇ: “ದುಡ್ಡು ಹಾಕಿ ಆಡೂದಿಲ್ಲರೀ, ಪುಕ್ಕಟೆ ಆಟ ಐತಿ, ಆಡ್ಲಿ ಬಿಡ್ರಿ.” ಈ ಒಂದು ಮಾತನ್ನೇ ನಾವಿಲ್ಲಿ ವಿರೋಧಿಸಲು ಹೊರಟಿದ್ದೇವೆ. ಜೂಜಿನ ಬಾಗಿಲು ಮುಚ್ಚಿದೆಯೆಂದು ನಿಶ್ಚಿಂತರಾಗಿರುವ ನಮ್ಮ ಮನೆಗಳಲ್ಲಿ ಗೂಢಚರ್ಯೆಯ ಕಿಟಕಿ ಹಗಲಿರುಳು ತೆರೆದೇ ಇದೆ. ಅದನ್ನು ತೆರೆದಿಟ್ಟವರು ಬೇರಾರೂ ಅಲ್ಲ, ನಾವೇ.

ಪುಕ್ಕಟೆಯೆಂದು ಕರೆಯುವ ಆಟಕ್ಕೂ ಬೆಲೆಯಿದೆ. ಅದನ್ನು ಬಾಲಕ ರೂಪಾಯಿಯಲ್ಲಿ ಕೊಡುವುದಿಲ್ಲ, ತನ್ನ ಕುರಿತ ಮಾಹಿತಿಯಲ್ಲಿ ಕೊಡುತ್ತಾನೆ. ಯಾವ ಫೋನು, ಅದರ ಜಾಹೀರಾತು ಗುರುತು ಸಂಖ್ಯೆ ಯಾವುದು, ಯಾವ ಊರಿನ ಜಾಲದಿಂದ ಸಂಪರ್ಕ; ಅನುಮತಿ ಒತ್ತಿದ್ದರೆ ನಿಖರ ಸ್ಥಳ, ಸಂಪರ್ಕ ಪಟ್ಟಿ, ಮೈಕ್. ಇವೆಲ್ಲ ಹೊರಗಿನ ಗುರುತುಗಳು. ಇದಕ್ಕಿಂತ ಆಳಕ್ಕಿಳಿಯುವುದು ಆಟದೊಳಗಿನ ದಾಖಲೆ. ಎಷ್ಟು ಗಂಟೆಗೆ ಆಟ ತೆರೆದ, ಎಷ್ಟು ಸಲ ಸೋತ, ಸೋತ ಬಳಿಕ ಎದ್ದುಹೋದನೋ ಮತ್ತೆ ಆಡಿದನೋ, ಯಾವ ಬಣ್ಣದ ಅಂಗಿಯ ಮುಂದೆ ಬೆರಳು ತಡೆದು ನಿಂತಿತು, ಯಾವ ಜಾಹೀರಾತನ್ನು ಕೊನೆಯವರೆಗೆ ನೋಡಿದ, ಇವೆಲ್ಲವನ್ನೂ ಬರೆದಿಡಲು ಸಾಧ್ಯ. ಬರೆದಿಡುವುದೇ ಈ ಉದ್ಯಮದ ಪದ್ಧತಿ. ಆಟ ಸರಾಗವಾಗಿ ನಡೆಯಲು, ಮೋಸಗಾರರನ್ನು ಹಿಡಿಯಲು ಒಂದಿಷ್ಟು ಮಾಹಿತಿ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಗುವಿನ ಹಟ, ನಾಚಿಕೆ, ದುರಾಸೆ, ಒಂಟಿತನಗಳನ್ನು ಅಳೆದು ಲೆಕ್ಕಕ್ಕೆ ಹಿಡಿಯುವುದು ಆಟದ ಅಗತ್ಯವಲ್ಲ, ವ್ಯಾಪಾರದ ಅಗತ್ಯ.

ಈ ವ್ಯಾಪಾರದಲ್ಲಿ ಹೆಚ್ಚು ಖರ್ಚು ಮಾಡುವ ಆಟಗಾರನಿಗೆ ‘ತಿಮಿಂಗಿಲ’ ಎಂಬ ಹೆಸರಿದೆ. ಆ ಹೆಸರೇ ಸಾಕು, ಬಲೆ ಯಾರ ಕೈಯಲ್ಲಿದೆಯೆಂದು ತಿಳಿಯಲು. ಅಮೆರಿಕದ ಆಕ್ಟಿವಿಷನ್ ಕಂಪನಿಗೆ 2017ರಲ್ಲಿ ಒಂದು ಪೇಟೆಂಟ್ ದೊರೆಯಿತು. ಆಟಗಾರನನ್ನು ಯಾರ ಎದುರು ನಿಲ್ಲಿಸಿದರೆ ಆತನಲ್ಲಿ ಆಟದೊಳಗಿನ ವಸ್ತುಗಳನ್ನು ಕೊಳ್ಳುವ ಆಸೆ ಹುಟ್ಟೀತೆಂದು ಲೆಕ್ಕ ಹಾಕಿ ಜೋಡಿಸುವ ವಿಧಾನ ಅದು. ಅದನ್ನು ಯಾವ ಆಟದಲ್ಲೂ ಬಳಸಿಲ್ಲವೆಂದು ಕಂಪನಿ ಹೇಳಿತು. ಇರಲಿ, ಆಲೋಚನೆಯ ದಿಕ್ಕು ಮಾತ್ರ ಬಯಲಾಯಿತು. ಫೋರ್ಟ್‌ನೈಟ್ ಆಟದ ಒಡೆಯರಾದ ಎಪಿಕ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗಿನ ಮೊಕದ್ದಮೆಯಲ್ಲಿ 52 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದರಲ್ಲಿ 27.5 ಕೋಟಿ, 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪಕ್ಕೆ, 24.5 ಕೋಟಿ, ಆಟಗಾರರನ್ನು ಯಾಮಾರಿಸಿ ಖರೀದಿ ಮಾಡಿಸಿದ ಆರೋಪಕ್ಕೆ. ಅಪರಿಚಿತರೊಂದಿಗೆ ಮಾತಾಡುವ ಸೌಲಭ್ಯವನ್ನು ಮಕ್ಕಳಿಗೂ ಮೊದಲಿನಿಂದಲೇ ತೆರೆದಿಡಲಾಗಿತ್ತು ಎಂಬುದೂ ಆರೋಪಗಳಲ್ಲಿತ್ತು.

ಅಮೆರಿಕದ ಮಕ್ಕಳಿಗೆ ಆ ದೇಶದ ಕಾನೂನು ಇಷ್ಟಾದರೂ ನೆರವಾಯಿತು. ನಮ್ಮ ತಾಲ್ಲೂಕುಗಳ ಸ್ಥಿತಿ ಬೇರೆ. ಗೌಂಡಿ ಕೆಲಸದವರ, ಸಂತೆ ವ್ಯಾಪಾರಿಗಳ, ಎಲೆ ತೋಟದ ಕೂಲಿಗಳ ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಒಳ್ಳೆಯ ಫೋನು. ಬ್ಯಾಂಕಿನ ವ್ಯವಹಾರ, ಗಿರಾಕಿಗಳ ನಂಬರು, ಹೆಣ್ಣುಮಕ್ಕಳ ಫೋಟೋ, ಮಗನ ಆಟ, ಎಲ್ಲವೂ ಅದರಲ್ಲೇ. ಖಾತೆ ತಂದೆಯ ಹೆಸರಿನದು. ಆದ್ದರಿಂದ ಕಂಪನಿಯ ಪಾಲಿಗೆ ಆಡುತ್ತಿರುವವನು ಹತ್ತು ವರ್ಷದ ಬಾಲಕನಲ್ಲ, ನಲವತ್ತು ವರ್ಷದ ಗೃಹಸ್ಥ. ಮಕ್ಕಳಿಗೆಂದು ಇಟ್ಟ ರಕ್ಷಣೆಗಳು ಅಲ್ಲಿಗೇ ಮುಗಿದವು. ಆಟವು ವಯಸ್ಸು ಕೇಳಿದಾಗ ಹಿಂದಿನ ಯಾವುದೋ ಇಸವಿ ಹಾಕೆಂದು ಮಗನಿಗೆ ಹೇಳಿಕೊಡುವವರೂ ನಾವೇ. ಆಟ ಆರಂಭವಾಗುವ ಮೊದಲೇ ಮಗು ನಮ್ಮಿಂದ ಒಂದು ಸುಳ್ಳನ್ನು ಕಲಿಯಿತು. ಈ ಪಾಪವನ್ನು ಯಾವ ಕಂಪನಿಯ ಲೆಕ್ಕಕ್ಕೆ ಬರೆಯೋಣ?

“ನೀವೇ ಒಪ್ಪಿಗೆ ಒತ್ತಿದ್ದೀರಿ” ಎಂಬುದು ಕಂಪನಿಗಳ ಸಿದ್ಧ ಉತ್ತರ. ಒಪ್ಪಿಗೆಯೆಂದರೇನೆಂದು ಇಸ್ಲಾಮ್ ನಮಗೆ ಕಲಿಸಿದೆ. ಅನುಮತಿ ಪಡೆಯದೆ, ಸಲಾಮ್ ಹೇಳದೆ ಪರರ ಮನೆಯನ್ನು ಪ್ರವೇಶಿಸಬಾರದೆಂದು ಸೂರಃ ಅನ್ನೂರ್‌ನ 27ನೆಯ ವಚನ ಆಜ್ಞಾಪಿಸುತ್ತದೆ. ಅದೇ ಸೂರಃದ 58ನೆಯ ವಚನ ಇನ್ನೂ ಮುಂದೆ ಹೋಗಿ, ಫಜ್ರ್‌ಗೆ ಮುನ್ನ, ನಡುಹಗಲಿನ ವಿಶ್ರಾಂತಿಯಲ್ಲಿ, ಇಶಾದ ನಂತರ, ಈ ಮೂರು ವೇಳೆಗಳಲ್ಲಿ ಮನೆಯ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆನ್ನುತ್ತದೆ. ಸ್ವಂತ ಮಗುವೇ ಕೇಳಿ ಬರಬೇಕಾದ ಆ ಹೊತ್ತಿನಲ್ಲಿ ನಮ್ಮ ದಿಂಬಿನ ಬದಿಯಲ್ಲಿರುವ ಫೋನು ಯಾರ್‍ಯಾರಿಗೆ ಏನೇನು ಕಳಿಸುತ್ತಿದೆಯೆಂದು ನಾವು ಯೋಚಿಸಿದ್ದೇವೆಯೇ? ಪ್ರವಾದಿ(ಸ)ರ ಕೋಣೆಯೊಳಗೆ ಒಬ್ಬನು ಕಿಂಡಿಯಿಂದ ಇಣುಕಿದಾಗ ಅವರು ತೀವ್ರವಾಗಿ ಅಸಮಾಧಾನಗೊಂಡು, ಅನುಮತಿಯ ನಿಯಮ ಬಂದಿರುವುದೇ ನೋಟದ ಕಾರಣಕ್ಕಾಗಿ ಎಂದು ತಿಳಿಸಿದರೆಂದು ಹದೀಸ್‌ಗಳಲ್ಲಿದೆ. ಜಾಬಿರ್(ರ) ಬಾಗಿಲು ತಟ್ಟಿ, ಯಾರೆಂದು ಕೇಳಿದ್ದಕ್ಕೆ ‘ನಾನು’ ಎಂದಷ್ಟೇ ಉತ್ತರಿಸಿದಾಗಲೂ ಪ್ರವಾದಿ(ಸ)ರಿಗೆ ಅದು ಹಿಡಿಸಲಿಲ್ಲ. ಬಂದವನು ತಾನು ಯಾರೆಂದು ಹೇಳಬೇಕು. ಆಗಲೇ ಅದು ಅನುಮತಿ ಕೇಳಿದಂತೆ. ನಮ್ಮ ಮಕ್ಕಳ ಮಾಹಿತಿ ಪಡೆಯುವವರು ‘ಪಾಲುದಾರರು’, ‘ಮೂರನೆಯವರು’ ಎನ್ನುತ್ತಾರೆಯೇ ಹೊರತು ಹೆಸರು ಹೇಳುವುದು ಅಪರೂಪ. ನಮಗೆ ಬಾರದ ಭಾಷೆಯಲ್ಲಿ ಪುಟಗಟ್ಟಲೆ ಬರೆದು, ಅಳುವ ಮಗುವನ್ನು ಸುಮ್ಮನಾಗಿಸಲು ಒತ್ತಿದ ಹೆಬ್ಬೆರಳನ್ನು ಒಪ್ಪಿಗೆ ಎನ್ನುವುದು ಮೋಸ.

“ನಮ್ಮ ಹತ್ತಿರ ಮುಚ್ಚಿಡುವಂಥದ್ದೇನಿದೆ?” ಎನ್ನುವವರೂ ಉಂಟು. ಅವರು 2020ರ ನವೆಂಬರ್‌ನ ಸುದ್ದಿಯನ್ನು ನೆನಪಿಸಿಕೊಳ್ಳಬೇಕು. ನಮಾಝಿನ ವೇಳೆ ಮತ್ತು ಕಿಬ್ಲಾ ತೋರಿಸುವ ಮುಸ್ಲಿಂ ಪ್ರೋ ಆ್ಯಪ್‌ನಿಂದ ಎಕ್ಸ್‌-ಮೋಡ್ ಎಂಬ ದತ್ತಾಂಶ ವ್ಯಾಪಾರಿಗೆ ಬಳಕೆದಾರರ ಸ್ಥಳದ ಮಾಹಿತಿ ಹೋಗುತ್ತಿತ್ತು; ಆ ವ್ಯಾಪಾರಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದರು. ವರದಿ ಹೊರಬಂದೊಡನೆ ಆ್ಯಪ್‌ನವರು ಸೇನೆಗೆ ಮಾರಿದ್ದನ್ನು ನಿರಾಕರಿಸಿ ಆ ಸಂಬಂಧ ಕಡಿದುಕೊಂಡರು. 2025ರ ಜನವರಿಯಲ್ಲಿ ಗ್ರೇವಿ ಅನಾಲಿಟಿಕ್ಸ್ ಎಂಬ ಮತ್ತೊಂದು ವ್ಯಾಪಾರಿಯ ಕಡತಗಳು ಸೋರಿದಾಗ, ಸ್ಥಳದ ಮಾಹಿತಿಯ ಮೂಲಗಳೆಂದು ಕಂಡುಬಂದ ಸಾವಿರಾರು ಆ್ಯಪ್‌ಗಳ ಪಟ್ಟಿಯಲ್ಲಿ ಕ್ಯಾಂಡಿ ಕ್ರಷ್, ಟೆಂಪಲ್ ರನ್, ಸಬ್‌ವೇ ಸರ್ಫರ್ಸ್ ಮುಂತಾದ ಆಟಗಳೂ ಇದ್ದವು, ಮುಸ್ಲಿಮರ ಪ್ರಾರ್ಥನೆಯ ಆ್ಯಪ್‌ಗಳೂ ಇದ್ದವು. ಜಾಹೀರಾತಿನ ಹರಾಜು ಜಾಲದಿಂದ ಅದು ಸೋರಿರುವುದು ಸಂಭವ; ಆಟ ಮಾಡಿದವರಿಗೇ ಅದರ ಅರಿವು ಇರದಿರಬಹುದು. ಮಗು ಆಡಿದ ಆಟವೂ ತಂದೆ ನಮಾಝಿಗೆ ನಿಂತ ಜಾಗವೂ ಒಂದೇ ಅಂಗಡಿಯ ಸರಕಾದ ಮೇಲೆ, ಮುಚ್ಚಿಡುವಂಥದ್ದೇನೂ ಇಲ್ಲವೆಂದು ಯಾವ ಧೈರ್ಯದಿಂದ ಹೇಳೋಣ? ಸೂರಃ ಅಲ್ ಹುಜುರಾತ್‌ನ 12ನೆಯ ವಚನ ಪರರ ಗುಟ್ಟನ್ನು ಕೆದಕುವ ತಜಸ್ಸುಸ್ ಅನ್ನು ನಿಷೇಧಿಸಿದೆ. ಅಲ್ಲಿ ತಪ್ಪಿತಸ್ಥನಿಗೊಂದು, ನಿರಪರಾಧಿಗೊಂದು ನಿಯಮವಿಲ್ಲ.

ದೇಶದ ಕಾನೂನೂ ಈಗ ಇದನ್ನು ಗುರುತಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಹೆತ್ತವರ ಖಚಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವುದನ್ನೂ ಅವರಿಗೆ ಗುರಿಯಿಟ್ಟ ಜಾಹೀರಾತನ್ನೂ ನಿರ್ಬಂಧಿಸಿತು. ಈ ಕರ್ತವ್ಯ ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡ. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿ ಓದುವ ಹಕ್ಕೂ ನಮಗಿದೆ. ಆದರೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳ ಜಾರಿಗೆ ಕಂಪನಿಗಳಿಗೆ ದೊರೆತದ್ದು 18 ತಿಂಗಳ ಕಾಲಾವಕಾಶ. ಮಗುವಿನ ಬಾಲ್ಯ ಯಾರಿಗೂ ಕಾಲಾವಕಾಶ ಕೊಡುವುದಿಲ್ಲ. ತಂದೆಯ ಖಾತೆಯಲ್ಲಿ ಸುಳ್ಳು ವಯಸ್ಸಿನೊಂದಿಗೆ ಆಡುವ ಮಗುವನ್ನು ಯಾವ ಕಾಯ್ದೆಯೂ ಸುಲಭವಾಗಿ ಹುಡುಕಿ ಕಾಪಾಡಲಾರದು.

ಆದ್ದರಿಂದ ಕೆಲಸ ಮನೆಯಿಂದಲೇ ಆರಂಭವಾಗಬೇಕು. ಇಂದು ರಾತ್ರಿಯೇ ಫೋನಿನ ಸೆಟ್ಟಿಂಗ್ಸ್ ತೆರೆದು, ಆಟಗಳಿಗೆ ಕೊಟ್ಟ ಸ್ಥಳ, ಮೈಕ್, ಸಂಪರ್ಕ ಪಟ್ಟಿಗಳ ಅನುಮತಿಯನ್ನು ಹಿಂಪಡೆಯೋಣ. ಜಾಹೀರಾತು ಗುರುತನ್ನು ಅಳಿಸುವ ಅವಕಾಶ ಆಂಡ್ರಾಯ್ಡ್ ಫೋನುಗಳಲ್ಲಿದೆ, ಅಳಿಸೋಣ. ಮಗುವಿಗೆ ನಿಜವಾದ ವಯಸ್ಸಿನ ಬೇರೆ ಖಾತೆ ಮಾಡಿಕೊಡೋಣ. ನಿಜ ವಯಸ್ಸಿಗೆ ಸಲ್ಲದ ಆಟವನ್ನು ಫೋನಿನಿಂದ ತೆಗೆದುಹಾಕೋಣ. ಮಿಂಬರ್‌ಗಳಿಂದ ಜೂಜಿನ ಕೆಡುಕನ್ನು ಎಷ್ಟೋ ಸಲ ಕೇಳಿದ್ದೇವೆ. ತಜಸ್ಸುಸ್ ಎಂದಾಗ ನೆರೆಮನೆಯ ಮಾತಿಗೆ ಕಿವಿಗೊಡಬೇಡಿ ಎಂಬಲ್ಲಿಗೇ ನಿಲ್ಲುತ್ತೇವೆ. ನಮ್ಮ ಖತೀಬರು ಒಂದು ಜುಮಾವನ್ನು ಇದಕ್ಕೆ ಮೀಸಲಿಡಲಿ. ಅಂಜುಮನ್‌ಗಳು ಫೋನು ಬಲ್ಲ ಕಾಲೇಜು ಯುವಕರನ್ನು ಕೂರಿಸಿ, ಹೆತ್ತವರ ಫೋನುಗಳನ್ನು ಒಂದೊಂದಾಗಿ ಸರಿಪಡಿಸಿಕೊಡಲಿ. ಅಸರ್‌ನಿಂದ ಮಗ್ರಿಬ್‌ವರೆಗೆ ಮಕ್ಕಳಿಗೆ ಓಡಿಯಾಡಲು ಬಯಲೂ ಆಡಿಸಲು ಹಿರಿಯರೂ ಸಿಗುವಂತೆ ನೋಡಿಕೊಳ್ಳಲಿ. ಬಯಲನ್ನು ಕೊಡದೆ ಫೋನನ್ನು ಮಾತ್ರ ಕಸಿದರೆ ಮಗು ಅದನ್ನು ಕದ್ದಾದರೂ ಹಿಡಿಯುತ್ತದೆ.

ನಮ್ಮ ಕರ್ಮಗಳನ್ನು ಬರೆದಿಡುವ ಗೌರವಾನ್ವಿತ ಮಲಕ್‌ಗಳಿದ್ದಾರೆಂದು ನಾವು ನಂಬುತ್ತೇವೆ. ಅವರ ಬರಹ ನ್ಯಾಯಕ್ಕಾಗಿ. ಅದರ ಒಡೆಯನು ಪರಮ ಕರುಣಾಮಯಿ. ಈ ಕಂಪನಿಗಳ ಬರಹ ಲಾಭಕ್ಕಾಗಿ. ಅದಕ್ಕೆ ಕ್ಷಮೆಯೂ ಗೊತ್ತಿಲ್ಲ, ಮರೆವೂ ಗೊತ್ತಿಲ್ಲ. ಮಕ್ಕಳು ನಮಗೆ ಒಪ್ಪಿಸಲಾದ ಅಮಾನತ್. ಪ್ರತಿಯೊಬ್ಬ ಕುರುಬನನ್ನೂ ಅವನ ಹಿಂಡಿನ ಕುರಿತು ಪ್ರಶ್ನಿಸಲಾಗುವ ದಿನ, ಆಟ ಪುಕ್ಕಟೆಯಾಗಿತ್ತು ಎಂಬ ಉತ್ತರ ನಮ್ಮನ್ನು ಉಳಿಸಲಾರದು. ಆ ಅಮಾನತನ್ನು ಕಾಯುವ ಎಚ್ಚರವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.